ಪದ ಬೇಕು: ‘ಎದುರಾಳಿ ಎಂಥವನು’ ಅನ್ನೋದಕ್ಕೆ

ಗೆಳೆಯರೇ, ಬಾಕ್ಸಿಂಗ್ ಬಗ್ಗೆ ಒಂದು ಬರಹ ಶುರು ಮಾಡಿದ್ದೇನೆ, ಒಂದು ಪದ ಸಿಗದೆ ಅರ್ಧಕ್ಕೆ ನಿಂತಿದೆ. ಬಾಕ್ಸರ್ ಎಷ್ಟು ದೊಡ್ಡವನು ಅಂತ ಅಳೆಯುವಾಗ ಎಷ್ಟು ಗೆದ್ದ ಅನ್ನೋದಕ್ಕಿಂತ ಯಾರನ್ನು ಗೆದ್ದ ಅನ್ನೋದು ಮುಖ್ಯ ಅಲ್ವಾ? ಅದಕ್ಕೆ ‘ಎದುರಾಳಿಗಳ ಗುಣಮಟ್ಟ’ ಅಂತ ಬರೆದರೆ ನನಗೆ ಒಗ್ಗುವುದಿಲ್ಲ. ಗುಣಮಟ್ಟ ನೋಡುವುದು ಮಂಡಿಗೆ ಬಂದ ಅಡಿಕೆಗೆ, ಮನುಷ್ಯರಿಗಲ್ಲ.

ಪದ ಎಲ್ಲಿ ಕೂರಬೇಕು ಅಂತ ಹೇಳುತ್ತೇನೆ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದವನು. ಮಹಮ್ಮದ್ ಅಲಿ 5 ಸಲ ಸೋತಿದ್ದಾನೆ. ಆದರೂ ಅಲಿಯೇ ದೊಡ್ಡವನು ಅಂತ ನನ್ನ ವಾದ, ಯಾಕಂದ್ರೆ ಅವನ ಎದುರಿಗೆ ನಿಂತವರು ಲಿಸ್ಟನ್, ಫ್ರೇಜಿಯರ್, ಫೋರ್‌ಮನ್‌ರಂಥ ಹೆವಿವೇಟ್ ಚಾಂಪಿಯನ್‌ಗಳು. 1973ರಲ್ಲಿ ಎರಡೇ ಸುತ್ತಿನಲ್ಲಿ ಫ್ರೇಜಿಯರ್‌ನನ್ನು ಆರು ಸಲ ನೆಲಕ್ಕೆ ಕೆಡವಿದ ಫೋರ್‌ಮನ್, 40 ಪಂದ್ಯದಲ್ಲಿ ಒಂದನ್ನೂ ಸೋಲದೆ ಮರುವರ್ಷ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಎದುರು ಕಣಕ್ಕೆ ಇಳಿದ. ಅಲಿ ಅವನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ.

ಬರೀ ಹೆಸರು ನೋಡಿದರೂ ಸಾಲದು. ಮಾರ್ಸಿಯಾನೊ 1951ರಲ್ಲಿ ಮಾಜಿ ಚಾಂಪಿಯನ್ ಜೋ ಲೂಯಿಸ್‌ನನ್ನು ಸೋಲಿಸಿದ, ನಿಜ. ಆದರೆ ಲೂಯಿಸ್‌ಗೆ ಆಗ 37 ವರ್ಷ, ನಿವೃತ್ತಿ ಹೇಳಿ ಮತ್ತೆ ಬಂದವನು, ಮೊದಲಿನ ಕಸು ಇರಲಿಲ್ಲ. ಇನ್ನೊಬ್ಬ ಮಾಜಿ ಚಾಂಪಿಯನ್ ಎಜರ್ಡ್ ಚಾರ್ಲ್ಸ್‌ನನ್ನು 1954ರಲ್ಲಿ ಎರಡು ಸಲ ಸೋಲಿಸಿದ್ದನ್ನು ಮಾತ್ರ ನಾನು ಗಟ್ಟಿ ಗೆಲುವು ಅಂತಲೇ ಲೆಕ್ಕ ಹಾಕುತ್ತೇನೆ. ಹಾಗಾಗಿ ಎದುರಾಳಿಯ ಹೆಸರು, ಆ ಹೊತ್ತಿಗೆ ಅವನಿಗಿದ್ದ ಕಸು, ಎರಡೂ ಒಂದೇ ಪದದಲ್ಲಿ ಬರಬೇಕು.

‘ತೂಕ’ ಬಾಯಿಗೆ ಮೊದಲು ಬರುತ್ತದೆ. ಆದರೆ ಬಾಕ್ಸಿಂಗ್‌ನಲ್ಲಿ ತೂಕ ಅಂದರೆ ಕೆಜಿ ಲೆಕ್ಕ, ಓದುವವರಿಗೆ ಗೊಂದಲ.

ನನ್ನ ಒಲವು ‘ಜೋಡಿ’ ಕಡೆಗೆ. ಇಲ್ಲಿ ಶಿವಮೊಗ್ಗದಲ್ಲಿ ಜಾತ್ರೆ ಕುಸ್ತಿ ಅಂದರೆ ಮೊದಲು ಜೋಡಿ ಕಟ್ಟುತ್ತಾರೆ. ಇಬ್ಬರು ಪೈಲ್ವಾನರನ್ನು ಪಕ್ಕಪಕ್ಕ ನಿಲ್ಲಿಸಿ, ಮೈಕಟ್ಟು, ವಯಸ್ಸು, ಹಿಂದೆ ಯಾರ ಜೊತೆ ಹಿಡಿದಿದ್ದಾನೆ ಅನ್ನೋದನ್ನೆಲ್ಲ ನೋಡಿ ಆಮೇಲೆ ಕೈ ಕೊಡಿಸುವುದು. ಅಂದರೆ ನನಗೆ ಬೇಕಾದ ಅಳತೆ ಅಲ್ಲೇ ಇದೆ. ‘ಅಲಿಗೆ ಸಿಕ್ಕ ಜೋಡಿಗಳು ಗಟ್ಟಿ’ ಅಂದರೆ ಅರ್ಥ ಆಗುತ್ತದೆ ಅನ್ನಿಸುತ್ತದೆ. ಆದರೆ ಜೋಡಿ ಅಂದ ಕೂಡಲೇ ಸಮಬಲದವನು ಅಂತ ಆಗಿಬಿಡುತ್ತಾ? ಹಾಗಾದರೆ ‘ಸಪ್ಪೆ ಜೋಡಿ’ ಅಂತ ಹೇಳೋಕೆ ಬರುವುದಿಲ್ಲ.

ಹಳೆಯ ಬಿರುದುಗಳನ್ನೂ ನೋಡಿದೆ. ವಿಜಯನಗರದ ಅರಸರು ‘ಮೂರುರಾಯರ ಗಂಡ’ (ಮೂರು ರಾಜರನ್ನು ಮಣಿಸಿದ ವೀರ), ನಮ್ಮ ಕೆಳದಿಯ ಅರಸರು ‘ಕೋಟೆಕೋಲಾಹಲ’ (ಕೋಟೆಗಳನ್ನು ನಡುಗಿಸಿದವನು). ಎಷ್ಟು ಗೆದ್ದ ಅನ್ನೋದಲ್ಲ, ಎಂಥದನ್ನು ಗೆದ್ದ ಅನ್ನೋದು ಬಿರುದಲ್ಲೇ ಇದೆ. ಎಷ್ಟು ಚೆನ್ನಾಗಿದೆ! ಆದರೆ ‘ಫೋರ್‌ಮನ್‌ನ ಗಂಡ’ ಅಂತ ಇವತ್ತು ಬರೆಯೋಕಾಗುವುದಿಲ್ಲ, ಅರ್ಥ ಬೇರೆಯಾಗುತ್ತದೆ.

ಗರಡಿ ಒಡನಾಟ ಇರುವವರು, ಸಾಗರ, ಸೊರಬ, ಶಿಕಾರಿಪುರದ ಕಡೆಯವರು, ಎದುರಿನವನು ಗಟ್ಟಿ ಅಥವಾ ಸುಮ್ನೆ ಹೆಸರಿಗೆ ಮಾತ್ರ ಅಂತ ಹೇಳೋಕೆ ಏನು ಬಳಸುತ್ತೀರಿ? ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.