ಪದಚರ್ಚೆ: ಹಾಟ್‌ಪ್ಲಗ್ ಎಂದರೆ ‘ಬಿಸಿ ಜೋಡಣೆ’ಯೇ?

ಪ್ರಶ್ನೆ (ಮಂಗಳೂರಿನಿಂದ): ಡಿಪ್ಲೊಮಾ ವಿದ್ಯಾರ್ಥಿಗಳ ಲಿನಕ್ಸ್ ಕೈಪಿಡಿಯ ಕರಡಿನಲ್ಲಿ ಡಿವೈಸ್ ಫೈಲ್‌ಗೆ ‘ಸಾಧನ ಕಡತ’, ಹಾಟ್‌ಪ್ಲಗ್‌ಗೆ ‘ಬಿಸಿ ಜೋಡಣೆ’, ಮೇಜರ್-ಮೈನರ್ ನಂಬರಿಗೆ ‘ಪ್ರಮುಖ-ಗೌಣ ಸಂಖ್ಯೆ’ ಎಂದುಂಟು. ಯುಡೆವ್ (ಸಿಕ್ಕಿಸಿದ ಸಾಧನಗಳನ್ನು ನಿಯಮಗಳ ಪ್ರಕಾರ ನೋಡಿಕೊಳ್ಳುವ ಲಿನಕ್ಸ್ ತಂತ್ರಾಂಶ) ನಿಯಮಗಳ ಅಧ್ಯಾಯದಲ್ಲಿ ‘ಹೊಂದಿಸು’ ಎಂಬುದು ‘ಮ್ಯಾಚ್’, ‘ಸೆಟ್’ ಎಂಬ ಎರಡು ಅರ್ಥದಲ್ಲಿ ಬಂದು ಗೋಜಲಾಗಿದೆ. ಬೇರೆ ಪದ ಯಾವುದಾದೀತು?

ಉತ್ತರ (ಉಡುಪಿಯಿಂದ): ‘ಬಿಸಿ’ಯನ್ನು ಮೊದಲು ತೆಗೆಯಿರಿ ಮಾರಾಯ್ರೆ, ಬೆಸುಗೆ ಹಾಕುವ ಕೆಲಸವೆಂದು ತಿಳಿದಾರು! ಯಂತ್ರ ಬಂದ್ ಮಾಡದೆ ಸಿಕ್ಕಿಸುವುದು, ಕಳಚುವುದು ಅಷ್ಟೇ ಅದರ ಅರ್ಥ. ‘ಚಾಲೂ ಜೋಡಣೆ’ ಸಾಕು.

‘ಸಾಧನ ಕಡತ’ದ ತೊಡಕು ಬೇರೆ. ತಾಲೂಕು ಕಚೇರಿಯಲ್ಲಿ ‘ಜಮೀನಿನ ಕಡತ’ ಎಂದರೆ ಆ ಜಮೀನಿನ ಕಾಗದಪತ್ರಗಳ ಕಟ್ಟು. ಸಾಧನಗಳ ಫೈಲುಗಳಿರುವ ಡೆವ್ ಡೈರೆಕ್ಟರಿಯ ಫೈಲಿನೊಳಗೆ ಅಂಥದ್ದೇನೂ ಇಲ್ಲ. ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಆಜ್ಞೆಯಲ್ಲಿ ವಿವರ ಕೇಳಿದರೆ ಗಾತ್ರ ಕಾಣಬೇಕಾದ ಜಾಗದಲ್ಲಿ ‘8, 17’ ಎಂಬಂಥ ಮೇಜರ್-ಮೈನರ್ ಜೋಡಿ ಕಾಣುತ್ತದೆ. ಸಾಲಿನ ಮೊದಲ ಅಕ್ಷರ ಬಿ ಅಥವಾ ಸಿ, ಎಂದರೆ ಬ್ಲಾಕ್ (ಡಿಸ್ಕಿನಂತೆ ತುಂಡುತುಂಡಾಗಿ ಓದುವಂಥದ್ದು) ಇಲ್ಲವೇ ಕ್ಯಾರೆಕ್ಟರ್ (ಸೀರಿಯಲ್ ಕೇಬಲ್ಲಿನಂತೆ ಸಾಲಾಗಿ ಹರಿಯುವಂಥದ್ದು). ಓದಿದ್ದು, ಬರೆದದ್ದು ಅದರ ಮೂಲಕ ಡ್ರೈವರಿಗೆ, ಎಂದರೆ ಸಾಧನವನ್ನು ನಡೆಸುವ ತಂತ್ರಾಂಶಕ್ಕೆ, ಹೋಗುತ್ತದೆ. ಇದಕ್ಕೆ ನಮ್ಮೂರಿನ ‘ಕಿಂಡಿ’ ಚೆನ್ನಾಗಿ ಒಪ್ಪುತ್ತದೆ. ಕನಕನ ಕಿಂಡಿಯಲ್ಲಿ ಇಣುಕಿದರೆ ಕಾಣುವ ಕೃಷ್ಣ ಇರುವುದು ಗರ್ಭಗುಡಿಯಲ್ಲಿ. ಕಿಂಡಿ ಅಣೆಕಟ್ಟು ಎಂಬ ಮಾತೂ ಜಿಲ್ಲೆಯ ಎಲ್ಲರಿಗೂ ಗೊತ್ತು. ಪಾರಿಭಾಷಿಕ ಪದವಾಗಿ ‘ಸಾಧನ ಫೈಲು’ ಇಟ್ಟು, ವಿವರಣೆಯಲ್ಲಿ ‘ಸಾಧನದ ಕಿಂಡಿ’ ಬಳಸಿ.

ಆ 8ರಲ್ಲಿ ‘ಪ್ರಮುಖ’ವಾದದ್ದೇನೂ ಇಲ್ಲ, ಅದು ಎಸ್‌ಡಿ ಎಂದು ಹೆಸರು ಶುರುವಾಗುವ ಡಿಸ್ಕ್‌ಗಳ ಡ್ರೈವರಿನ ಗುರುತು. ಪ್ರತಿ ಡಿಸ್ಕಿಗೆ 16 ಸಂಖ್ಯೆ ಮೀಸಲು. ಜೋಡಿಯ ಎರಡನೆಯ ಸಂಖ್ಯೆ 0 ಆದರೆ ಮೊದಲ ಡಿಸ್ಕ್, 16 ಎರಡನೆಯದು, 17 ಆ ಎರಡನೆಯದರ ಮೊದಲ ವಿಭಾಗ. ‘ಡ್ರೈವರ್ ಸಂಖ್ಯೆ’, ‘ಘಟಕ ಸಂಖ್ಯೆ’ ಎನ್ನಿ.

‘ಯುಡೆವ್ ಸಾಧನ ಕಡತ ಸೃಷ್ಟಿಸುತ್ತದೆ’ ಎಂದು ಬರೆದಿದ್ದರೆ ಕ್ರಿಯಾಪದವನ್ನೂ ಬದಲಿಸಬೇಕು. 2003ರಲ್ಲಿ ಯುಡೆವ್ ಬಂದಾಗ ಅದು ಸರಿಯಿತ್ತು. 2009ರಲ್ಲಿ ಲಿನಕ್ಸ್ ಕರ್ನೆಲ್‌ನ (ವ್ಯವಸ್ಥೆಯ ತಿರುಳಿನ) 2.6.32 ಆವೃತ್ತಿಯಲ್ಲಿ ಡೆವ್‌ಟಿಎಂಪಿಎಫ್‌ಎಸ್ (ಕರ್ನೆಲ್ ತಾನೇ ಡೆವ್ ಡೈರೆಕ್ಟರಿ ತುಂಬುವ ಏರ್ಪಾಡು) ಬಂದ ಮೇಲೆ ಕಿಂಡಿ ತೆರೆಯುವುದು ಕರ್ನೆಲ್. ಯುಡೆವ್ ಒಡೆತನ, ಅನುಮತಿ, ಅಡ್ಡಹೆಸರು ನೋಡಿಕೊಳ್ಳುತ್ತದೆ. (ಒಂದು ಫೈಲಿಗೆ ಇನ್ನೊಂದು ಹೆಸರಿನಿಂದ ದಾರಿ ತೋರುವ ಸಿಮ್‌ಲಿಂಕ್‌ಗೆ ‘ಸಾಂಕೇತಿಕ ಕೊಂಡಿ’ಗಿಂತ ‘ಅಡ್ಡಹೆಸರು’ ವಾಸಿ.)

‘ಹೊಂದಿಸು’ ನಿಜಕ್ಕೂ ಅಪಾಯ. ನಿಯಮದ ಸಾಲಿನಲ್ಲಿ ಎರಡು ಸಮಚಿಹ್ನೆಗೆ (==) ‘ತಾಳೆ ನೋಡು’, ಒಂದಕ್ಕೆ ‘ನಿಗದಿ ಮಾಡು’, ಪ್ಲಸ್ ಜೊತೆಗಿದ್ದರೆ ‘ಸೇರಿಸು’ ಎಂದು ಮೂರು ಮಾಡಿ. ಎರಡು ಯುಎಸ್‌ಬಿ ಸೀರಿಯಲ್ ಕೇಬಲ್ ಇದ್ದಾಗ ಯಾವುದರ ಫೈಲಿಗೆ ಟಿಟಿವೈಯುಎಸ್‌ಬಿ0 ಎಂಬ ಹೆಸರು, ಯಾವುದಕ್ಕೆ 1 ಎಂಬುದು ಮೊದಲು ಕಂಡದ್ದರ ಮೇಲೆ ನಿಂತಿದೆ. ಹಾಗಾಗಿ ನಿಯಮದಲ್ಲಿ ಕೇಬಲ್ಲಿನ ಸೀರಿಯಲ್ ನಂಬರನ್ನು ತಾಳೆ ನೋಡಿ, ಅಡ್ಡಹೆಸರನ್ನು ಸೇರಿಸುತ್ತೇವೆ. ತಾಳೆ ನೋಡುವಲ್ಲಿ ಒಂದೇ ಸಮಚಿಹ್ನೆ ಬಿದ್ದರೆ ಕೆಲವು ಕೀಲಿಪದಗಳಲ್ಲಿ ಯುಡೆವ್ ಆ ಸಾಲನ್ನೇ ಕೈಬಿಡುತ್ತದೆ. ಬೆಲೆ ನಿಗದಿ ಮಾಡಲೂ ಬಳಸಬಹುದಾದ ಎನ್ವ್‌ನಂಥ ಕೀಲಿಪದವಾದರೆ ಇನ್ನೂ ಕೆಟ್ಟದ್ದು: ಶರತ್ತೇ ಇಲ್ಲದಂತಾಗಿ, ಉಳಿದ ಭಾಗ ಕಂಡಕಂಡ ಸಾಧನಕ್ಕೆಲ್ಲ ತಗಲುತ್ತದೆ. ಅಡ್ಡಹೆಸರಿನ ಕಡೆ ಪ್ಲಸ್ ಮರೆತರೆ ಹಿಂದಿನ ನಿಯಮಗಳು ಕೊಟ್ಟ ಬೈ-ಐಡಿ ಹೆಸರುಗಳು (ಸಾಧನದ ಗುರುತಿನಿಂದ ಬರುವ ಅಡ್ಡಹೆಸರುಗಳು) ಅಳಿದುಹೋಗುತ್ತವೆ.

ನಿಯಮಗಳ ‘ರೀಲೋಡ್’ಗೆ ‘ಮತ್ತೆ ಓದಿಸು’ ಎಂದು ಬರೆದು, ಪಕ್ಕದಲ್ಲೇ ಒಂದು ಸಾಲು ಸೇರಿಸಿ: ಓದಿಸಿದ ಮಾತ್ರಕ್ಕೆ ಆಗಲೇ ಸಿಕ್ಕಿಸಿಟ್ಟ ಕೇಬಲ್ಲಿಗೆ ಹೊಸ ನಿಯಮ ತಗಲುವುದಿಲ್ಲ, ಅದನ್ನು ಕಳಚಿ ಮತ್ತೆ ಸಿಕ್ಕಿಸಬೇಕು, ಇಲ್ಲವೇ ಯುಡೆವ್ ನಿರ್ವಹಿಸುವ ಯುಡೆವ್‌ಎಡಿಎಂ ಆಜ್ಞೆಯ ಟ್ರಿಗರ್ ಕೊಡಬೇಕು.