ಒಂದೇ ಕೋಡ್: ಲಾಗ್(-1)ಗೆ ಇಲ್ಲಿ ಎರ್‌ನೊ 33, ಅಲ್ಲಿ 0

ತೇಲುಬಿಂದು: ಮೂರು ದಿನದಿಂದ ಇದರ ಹಿಂದೆ ಬಿದ್ದು ತಲೆ ಕೆಟ್ಟಿದೆ. ಸಿ ಕೋಡಿನಲ್ಲಿ ಒಂದಕ್ಷರ ಬದಲಿಲ್ಲ. ಲಾಗ್‌ಗೆ -1 ಕೊಟ್ಟರೆ ನನ್ನ ಮಷೀನಿನಲ್ಲಿ ಎರ್‌ನೊ (ದೋಷದ ಸಂಖ್ಯೆ ಇಡುವ ಸಿ ವೇರಿಯಬಲ್) 33, ಅಂದರೆ ಇಡಾಮ್, ಫಂಕ್ಷನ್‌ಗೆ ಒಪ್ಪದ ಇನ್‌ಪುಟ್. ಸರ್ವರ್‌ನಲ್ಲಿ 0. ಎಕ್ಸ್‌ಪ್(1000)ಗೂ ಹಾಗೇ, ಇಲ್ಲಿ 34 (ಉತ್ತರ ಮಿತಿ ಮೀರಿದೆ), ಅಲ್ಲಿ 0. ಉತ್ತರ ಮಾತ್ರ ಎರಡೂ ಕಡೆ ಸರಿ: ನ್ಯಾನ್ (ಸಂಖ್ಯೆಯೇ ಅಲ್ಲ), ಇನ್ಫಿನಿಟಿ. ತಪ್ಪು ಇನ್‌ಪುಟ್ ಹಿಡಿಯುವ ನನ್ನ ಇಡೀ ಕೋಡ್ ಎರ್‌ನೊ ನಂಬಿಕೊಂಡಿದೆ.

ಶೂನ್ಯಶೇಷ: ಕರೆಯುವ ಮುಂಚೆ ಎರ್‌ನೊಗೆ 0 ಹಾಕಿದ್ದೀರಾ? ಯಾವ ಲೈಬ್ರರಿ ಫಂಕ್ಷನ್ನೂ ಅದನ್ನು ತಾನಾಗಿ 0 ಮಾಡುವುದಿಲ್ಲ. ಆ 33 ಹಿಂದಿನ ಯಾವುದೋ ಕರೆಯದ್ದಿರಬಹುದು.

ತೇಲುಬಿಂದು: ಹಾಕಿದ್ದೇನೆ. ಎಲ್ಲರೂ ಮಾಡುವುದೇ ಅಂತ ಬರೆಯಲಿಲ್ಲ.

ಶೂನ್ಯಶೇಷ: ಹಾಗಾದರೆ ನಡುವೆ ಪ್ರಿಂಟ್‌ಎಫ್ ಇದೆ, ಅದು ಕೆಡಿಸಿದೆ.

ವೇಗಮಿತಿ: ಕೆಡಿಸಿದರೂ 0 ಮಾಡಲ್ಲ, ಮೇಲೆ ನೀವೇ ಹೇಳಿದ್ದೀರಿ. ಇದು ಫಾಸ್ಟ್-ಮ್ಯಾತ್ (ವೇಗಕ್ಕಾಗಿ ಗಣಿತದ ನಿಯಮ ಸಡಿಲಿಸುವ ಕಂಪೈಲರ್ ಆಪ್ಷನ್) ಕೆಲಸ. ಓ-ಫಾಸ್ಟ್ ಹಾಕಿದರೆ ಅದೂ ಬರುತ್ತೆ, ಅದರ ಜೊತೆ ಗಣಿತದ ಫಂಕ್ಷನ್ ಎರ್‌ನೊ ಇಡಬೇಕಿಲ್ಲ ಅನ್ನುವ ನೋ-ಮ್ಯಾತ್-ಎರ್‌ನೊ ಕೂಡ.

ತೇಲುಬಿಂದು: ಬರೀ ಓ2, ಸಾಧಾರಣ ಆಪ್ಟಿಮೈಸೇಶನ್ ಮಟ್ಟ.

ವೇಗಮಿತಿ: ಮೇಕ್‌ಫೈಲ್ (ಕಂಪೈಲ್ ಆಪ್ಷನ್‌ಗಳಿರುವ ಫೈಲ್) ಪೂರ್ತಿ ಹಾಕಿ. ಎಲ್ಲೋ ಇದ್ದೇ ಇರುತ್ತೆ.

ಹಳೇಯಂತ್ರ: ಎರ್‌ನೊ ನೋಡಿಕೊಂಡು ಲೆಕ್ಕ ಮಾಡುವುದೇ ಸರಿಯಲ್ಲ, ಇನ್‌ಪುಟ್ ಮೊದಲೇ ಪರೀಕ್ಷಿಸಬೇಕು. ನನ್ನ ಹಳೇ ಎಕ್ಸ್87 (ಇಂಟೆಲ್‌ನ ಹಳೆಯ ಫ್ಲೋಟಿಂಗ್ ಪಾಯಿಂಟ್ ಘಟಕ) ಮಷೀನ್ ಇವತ್ತಿಗೂ ಓಡುತ್ತಿದೆ. 80 ಬಿಟ್ ರಿಜಿಸ್ಟರ್! 10ರ 308ನೇ ಘಾತವನ್ನು ಮತ್ತೆ 100ರಿಂದ ಗುಣಿಸಿದರೂ ಓವರ್‌ಫ್ಲೋ ಇಲ್ಲ, 64 ಬಿಟ್‌ನ ಡಬಲ್ ಆಗಿ ಮೆಮೊರಿಗೆ ಇಳಿಸಿದಾಗಲೇ ಆಗುವುದು. ಅದರ ಸೊಗಸೇ ಬೇರೆ.

ವೇಗಮಿತಿ: ಅದಕ್ಕೂ ಈ ಪ್ರಶ್ನೆಗೂ ಏನು ಸಂಬಂಧ?

ಹಳೇಯಂತ್ರ: ದೋಷ ಯಾವಾಗ ಕಾಣಿಸುತ್ತದೆ ಅನ್ನುವುದು ಹಾರ್ಡ್‌ವೇರ್ ಮೇಲೂ ನಿಂತಿದೆ. ಅದೇ ಸಂಬಂಧ.

ಕಡೆಬಿಟ್: ಸರ್ವರ್‌ನಲ್ಲಿ ಸಿ ಲೈಬ್ರರಿ ಯಾವುದು?

ತೇಲುಬಿಂದು: ಆಲ್ಪೈನ್ ಲಿನಕ್ಸ್ ಕಂಟೇನರ್. ನನ್ನದು ಡೆಬಿಯನ್ ಲಿನಕ್ಸ್. ಕಂಪೈಲರ್ ಜಿಸಿಸಿ ಎರಡೂ ಕಡೆ ಒಂದೇ, ಹಾಗಾಗಿ ಹೇಳಲಿಲ್ಲ.

ಕಡೆಬಿಟ್: ಇದನ್ನು ಮೊದಲೇ ಹೇಳಬೇಕಿತ್ತು. ಆಲ್ಪೈನ್‌ನಲ್ಲಿರುವುದು ಮಸಲ್ ಅನ್ನುವ ಸಿ ಲೈಬ್ರರಿ, ಡೆಬಿಯನ್‌ನ ಜಿಲಿಬ್‌ಸಿ ಅಲ್ಲ. ಗಣಿತದ ದೋಷ ತಿಳಿಸಲು ಸಿ99 (ಸಿ ಭಾಷೆಯ 1999ರ ಮಾನದಂಡ) ಎರಡು ದಾರಿ ಕೊಟ್ಟಿದೆ, ಎರ್‌ನೊ ಅಥವಾ ಫ್ಲೋಟಿಂಗ್ ಪಾಯಿಂಟ್ ಫ್ಲ್ಯಾಗ್ (ದೋಷವಾದಾಗ ಏರುವ ಗುರುತು). ಒಂದಾದರೂ ಇದ್ದರೆ ಸಾಕು. ಮ್ಯಾತ್-ಎರ್‌ಹ್ಯಾಂಡ್ಲಿಂಗ್ ಮ್ಯಾಕ್ರೊ ಪ್ರಿಂಟ್ ಮಾಡಿ: ಜಿಲಿಬ್‌ಸಿಯಲ್ಲಿ 3, ಎರಡೂ ಉಂಟು, ಮಸಲ್‌ನಲ್ಲಿ 2, ಫ್ಲ್ಯಾಗ್ ಮಾತ್ರ. ಯಾರದೂ ತಪ್ಪಲ್ಲ. ಮುಂಚೆ ಫ್ಲ್ಯಾಗ್ ಅಳಿಸಲು ಫೆಕ್ಲಿಯರ್‌ಎಕ್ಸೆಪ್ಟ್, ಆಮೇಲೆ ಅದನ್ನು ನೋಡಲು ಫೆಟೆಸ್ಟ್‌ಎಕ್ಸೆಪ್ಟ್ ಕರೆಯಿರಿ. ಲಾಗ್(-1)ಗೆ ಇನ್ವ್ಯಾಲಿಡ್, ಲಾಗ್(0)ಗೆ ಡಿವ್-ಬೈ-ಜೀರೊ, ಎಕ್ಸ್‌ಪ್(1000)ಗೆ ಓವರ್‌ಫ್ಲೋ ಬರಬೇಕು. ಆದರೆ ಒಳಗೆ ಹೋದದ್ದೇ ನ್ಯಾನ್ ಆದರೆ ಹೊರಗೂ ನ್ಯಾನ್, ಫ್ಲ್ಯಾಗೂ ಇಲ್ಲ, ಎರ್‌ನೊನೂ ಇಲ್ಲ. ಅದನ್ನು ನೀವೇ ಹಿಡಿಯಬೇಕು.

ತೇಲುಬಿಂದು: 2 ಬಂತು! ಫ್ಲ್ಯಾಗೂ ಬಂತು. ತುಂಬಾ ಥ್ಯಾಂಕ್ಸ್. ಎರ್‌ನೊ ಇನ್ನು ಬೇಡ ಅಂತ ನೋ-ಮ್ಯಾತ್-ಎರ್‌ನೊ ಹಾಕಿದೆ, ಈಗ ಒಂದು ಟೆಸ್ಟ್‌ನಲ್ಲಿ ಫ್ಲ್ಯಾಗ್ ಮತ್ತೆ 0.

ಕಡೆಬಿಟ್: ಲಾಗ್ ಕೊಟ್ಟ ಉತ್ತರವನ್ನು ಬಳಸಿದ್ದೀರಾ? ಇಲ್ಲದಿದ್ದರೆ ಆ ಆಪ್ಷನ್ ಇರುವಾಗ ಜಿಸಿಸಿ ಆ ಕರೆಯನ್ನೇ ಅಳಿಸಿಹಾಕುತ್ತೆ.

ತೇಲುಬಿಂದು: ಬಳಸಿದ್ದೇನೆ, ಫ್ಲ್ಯಾಗ್ ಪರೀಕ್ಷೆಯ ಕೆಳಗಿನ ಸಾಲಿನಲ್ಲಿ.

ಕಡೆಬಿಟ್: ಹಾಗಾದರೆ ಕರೆಯೇ ಪರೀಕ್ಷೆಯ ಕೆಳಗೆ ಜಾರಿರಬಹುದು. ಫೆನ್ವ್-ಆಕ್ಸೆಸ್ ಪ್ರಾಗ್ಮಾ (ಫ್ಲ್ಯಾಗ್ ನೋಡುತ್ತೇವೆ ಅಂತ ಕಂಪೈಲರ್‌ಗೆ ತಿಳಿಸುವ ಸಾಲು) ಬರೆದರೂ ಜಿಸಿಸಿ ಪಾಲಿಸುವುದಿಲ್ಲ. ನೋ-ಮ್ಯಾತ್-ಎರ್‌ನೊ ಆಪ್ಷನ್ ತೆಗೆದು ನೋಡಿ.

ವೇಗಮಿತಿ: ಈಗಲಾದರೂ ಮೇಕ್‌ಫೈಲ್ ಹಾಕಿ.