ಹೆಚ್ಚು ಹಣ ಕೊಡುತ್ತೇನೆಂದ ಸೌತ್‌ವೆಸ್ಟ್‌ಗೆ ಫ್ರಾಂಟಿಯರ್ ಏಕೆ ಸಿಗಲಿಲ್ಲ?

ಪ್ರಶ್ನೆ: ನಿವೃತ್ತ ಲೆಕ್ಕಿಗ

ಅಮೆರಿಕದ ದಿವಾಳಿ ಪ್ರಕರಣಗಳ ಬಗ್ಗೆ ಓದುತ್ತಿದ್ದಾಗ ಫ್ರಾಂಟಿಯರ್ ಏರ್‌ಲೈನ್ಸ್‌ನ ಕಥೆ ಕಣ್ಣಿಗೆ ಬಿತ್ತು. ಕಾರ್ಡ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯು ಟಿಕೆಟ್ ಹಣದ ಹೆಚ್ಚಿನ ಪಾಲನ್ನು ತಡೆಹಿಡಿಯಲು ಹೊರಟಿದ್ದರಿಂದ ಡೆನ್ವರ್‌ನ ಈ ಸಂಸ್ಥೆ 2008ರ ಏಪ್ರಿಲ್‌ನಲ್ಲಿ ದಿವಾಳಿ ನ್ಯಾಯಾಲಯದ ಮೊರೆಹೊಕ್ಕಿತು. ಮರುವರ್ಷ ರಿಪಬ್ಲಿಕ್ ಏರ್‌ವೇಸ್ 108.75 ಮಿಲಿಯನ್ ಡಾಲರ್‌ಗೆ ಅದನ್ನು ಕೊಳ್ಳಲು ಮುಂದೆ ಬಂದಿತು. ಆಗಸ್ಟ್‌ನಲ್ಲಿ ಹರಾಜು ನಡೆದಾಗ ಇನ್ನೊಂದು ವಿಮಾನ ಸಂಸ್ಥೆಯಾದ ಸೌತ್‌ವೆಸ್ಟ್ ಸುಮಾರು 170 ಮಿಲಿಯನ್ ಡಾಲರ್‌ವರೆಗೆ ಕೂಗಿತು. ಹಾಗಿದ್ದೂ ಗೆದ್ದದ್ದು ರಿಪಬ್ಲಿಕ್. ಪೈಲಟ್‌ಗಳ ಜ್ಯೇಷ್ಠತೆಯ ವಿಚಾರ ಇತ್ಯರ್ಥವಾಗದಿದ್ದುದೇ ಕಾರಣವಂತೆ.

ನಾನು ಬ್ಯಾಂಕಿನಲ್ಲಿ ದುಡಿದವನು. ಬ್ಯಾಂಕುಗಳು ವಿಲೀನವಾದಾಗಲೂ ಜ್ಯೇಷ್ಠತಾ ಪಟ್ಟಿಯ ಬಗ್ಗೆ ಗೊಣಗಾಟವಿರುತ್ತದೆ, ಆದರೆ ಅದರಿಂದ ವಿಲೀನವೇ ನಿಂತದ್ದನ್ನು ನಾನು ಕಂಡಿಲ್ಲ. ಸಂಬಳಕ್ಕೆ ಭರವಸೆ ಕೊಟ್ಟ ಮೇಲೂ ಪೈಲಟ್‌ಗಳು ಒಂದು ಕ್ರಮಸಂಖ್ಯೆಗಾಗಿ ಇಷ್ಟು ಹಟ ಹಿಡಿಯುವುದೇಕೆ? ಸಾಲ ಕೊಟ್ಟವರಾದರೂ ಅಷ್ಟು ಹಣವನ್ನು ಬಿಟ್ಟುಕೊಟ್ಟದ್ದು ಹೇಗೆ?

ಉತ್ತರ: ಪಾಳಿಪಟ್ಟಿ

ಸರ್, ವಿಮಾನ ಸಂಸ್ಥೆಯೊಂದರಲ್ಲಿ ಸಿಬ್ಬಂದಿಯ ಪಾಳಿ ಹಾಕುವ ಕೆಲಸವನ್ನು ಕೆಲವು ವರ್ಷ ಮಾಡಿದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಬ್ಯಾಂಕಿನಲ್ಲಿ ಜ್ಯೇಷ್ಠತೆಯ ನೆನಪಾಗುವುದು ಬಡ್ತಿಯ ಹೊತ್ತಿಗೆ. ಅಮೆರಿಕದ ಪೈಲಟ್‌ಗೆ ಅದು ತಿಂಗಳು ತಿಂಗಳೂ ಬೇಕಾಗುತ್ತದೆ. ಮುಂದಿನ ತಿಂಗಳ ಹಾರಾಟಗಳ ಪಟ್ಟಿ ಹೊರಬಿದ್ದ ಕೂಡಲೇ ಎಲ್ಲರೂ ತಮ್ಮ ಆಯ್ಕೆಗಳನ್ನು ಬರೆದು ಕೊಡುತ್ತಾರೆ, ಕಂಪ್ಯೂಟರ್ ಒಂದನೇ ಸಂಖ್ಯೆಯವನಿಂದ ಶುರುಮಾಡಿ ಹಂಚುತ್ತಾ ಹೋಗುತ್ತದೆ. ಶನಿವಾರ, ಭಾನುವಾರದ ರಜೆ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಹಾರಾಟ ಇವೆಲ್ಲ ಮೇಲಿನವರಲ್ಲೇ ಮುಗಿದುಹೋಗಿ, ಕೊನೆಯವನ ಪಾಲಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫೋನ್ ಪಕ್ಕದಲ್ಲಿ ಇಟ್ಟುಕೊಂಡು ಕರೆ ಬರುವುದನ್ನೇ ಕಾಯುವ ರಿಸರ್ವ್ ಪಾಳಿ ಉಳಿಯುತ್ತದೆ. ಯಾವ ಊರಿನ ನೆಲೆ, ಯಾವ ವಿಮಾನ, ಬಲಗಡೆಯ ಸೀಟಿನಿಂದ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಹೋಗುವುದು ಯಾವಾಗ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ ಸಂಖ್ಯೆ. ಕೆಲಸ ಕಡಿತ ಬಂದಾಗ ಪಟ್ಟಿಯ ಬುಡದಿಂದಲೇ ಕತ್ತರಿಸುತ್ತಾರೆ.

ಬೇಸರವಾದರೆ ಬೇರೆ ಸಂಸ್ಥೆಗೆ ಹೋಗಬಹುದಲ್ಲ ಎನ್ನುತ್ತೀರೇನೋ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವನೂ ಹೊಸ ಸಂಸ್ಥೆಯಲ್ಲಿ ಪಟ್ಟಿಯ ಕಟ್ಟಕಡೆಗೆ ಸೇರಬೇಕು, ಸಂಬಳವೂ ಹೊಸಬನದೇ. ಹೀಗಾಗಿ ಆ ಸಂಖ್ಯೆ ಬಿಟ್ಟರೆ ಅವನ ಕೈಯಲ್ಲಿ ಬೇರೆ ಆಸ್ತಿಯಿಲ್ಲ, ಅದನ್ನು ಬೇರೆಡೆ ಒಯ್ಯಲೂ ಬಾರದು.

ಉತ್ತರ: ಕಾಯಿದೆಪುಸ್ತಕ

ಎರಡನೆಯ ಪ್ರಶ್ನೆಗೆ: 170 ಮಿಲಿಯನ್ ಎಂಬುದು ಷರತ್ತಿಗೆ ಕಟ್ಟಿದ್ದ ಹಣ. ಎರಡೂ ಕಡೆಯ ಪೈಲಟ್ ಸಂಘಗಳು ಜ್ಯೇಷ್ಠತೆಯ ಬಗ್ಗೆ ಮೊದಲೇ ಒಪ್ಪಂದಕ್ಕೆ ಬಂದರೆ ಮಾತ್ರ ಕೊಳ್ಳುತ್ತೇವೆ ಎಂದು ಸೌತ್‌ವೆಸ್ಟ್ ಹೇಳಿತ್ತು. ಹರಾಜಿನ ಗಡುವಿನೊಳಗೆ ಅದು ಆಗಲಿಲ್ಲವಾದ್ದರಿಂದ ಅದರ ಬಿಡ್ ತಿರಸ್ಕೃತವಾಯಿತು. ದಿವಾಳಿ ಹರಾಜಿನಲ್ಲಿ ಮೊತ್ತದ ಜೊತೆಗೆ ವ್ಯವಹಾರ ನಿಜಕ್ಕೂ ಮುಗಿಯುತ್ತದೆಯೇ ಎಂಬುದನ್ನೂ ತೂಗುತ್ತಾರೆ. ನಡುವೆ ಮುರಿದುಬಿದ್ದರೆ ಸಾಲ ಕೊಟ್ಟವರಿಗೆ ಅದೂ ಇಲ್ಲ, ಇದೂ ಇಲ್ಲ.

ಆ ಷರತ್ತಿನ ಬೇರು 2001ರಲ್ಲಿದೆ ಎಂಬುದು ನನ್ನ ಊಹೆ. ಆ ವರ್ಷ ಅಮೆರಿಕನ್ ಏರ್‌ಲೈನ್ಸ್ ದಿವಾಳಿಯಾದ ಟಿಡಬ್ಲ್ಯುಎ ಎಂಬ ವಿಮಾನ ಸಂಸ್ಥೆಯನ್ನು ಕೊಂಡಾಗ ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಬಹುಪಾಲು ಜನರನ್ನು ಅಮೆರಿಕನ್ ಪಟ್ಟಿಯ ಬುಡಕ್ಕೆ ತಂದು ಸೇರಿಸಲಾಯಿತು. ಈ ಪದ್ಧತಿಗೆ ಪೈಲಟ್‌ಗಳು ‘ಸ್ಟೇಪಲ್ ಮಾಡುವುದು’ ಎನ್ನುತ್ತಾರೆ. ಅದೇ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ ಕಡಿತ ಶುರುವಾದಾಗ ಬುಡದಲ್ಲಿದ್ದ ಅವರೇ ದೊಡ್ಡ ಸಂಖ್ಯೆಯಲ್ಲಿ ಮನೆಗೆ ಹೋದರು. ಟಿಡಬ್ಲ್ಯುಎಯ ನೆಲೆಯಿದ್ದ ಮಿಸೌರಿ ರಾಜ್ಯದ ಸೆನೆಟರ್‌ಗಳಾದ ಮೆಕ್ಯಾಸ್ಕಿಲ್ ಮತ್ತು ಬಾಂಡ್ ಅವರ ಪ್ರಯತ್ನದಿಂದ 2007ರ ಕೊನೆಗೆ ಕಾಯಿದೆ ಬಂದಿತು: ಪಟ್ಟಿಗಳನ್ನು ನ್ಯಾಯಸಮ್ಮತವಾಗಿ ಬೆಸೆಯಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥಗಾರರ ತೀರ್ಪಿಗೆ ಒಪ್ಪಿಸಬೇಕು. ಆ ತೀರ್ಪು ಹೇಗಿರುತ್ತದೋ ಯಾರೂ ಬಲ್ಲವರಿಲ್ಲ. ತನ್ನ ಪೈಲಟ್‌ಗಳ ಸಿಟ್ಟನ್ನು ಕೊಂಡುಕೊಳ್ಳುವ ಬದಲು ಹರಾಜನ್ನೇ ಬಿಟ್ಟುಬಿಡುವುದು ಸೌತ್‌ವೆಸ್ಟ್‌ಗೆ ಲೇಸೆನಿಸಿರಬೇಕು.

ಉತ್ತರ: ಎಡಸೀಟು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ‘ನ್ಯಾಯಸಮ್ಮತ’ ಎಂಬ ಪದವನ್ನು ಅಷ್ಟು ಸಲೀಸಾಗಿ ದಾಟಬಾರದು. ಕೆಲಸಕ್ಕೆ ಸೇರಿದ ದಿನಾಂಕವನ್ನು ಹಿಡಿಯಬೇಕೇ, ತನ್ನ ಸಂಸ್ಥೆಯ ಪಟ್ಟಿಯಲ್ಲಿ ಮೇಲಿನಿಂದ ಎಷ್ಟನೇ ಪಾಲಿನಲ್ಲಿದ್ದಾನೆ ಎಂಬುದನ್ನು ಹಿಡಿಯಬೇಕೇ? 2005ರಲ್ಲಿ, ಎರಡನೆಯ ಬಾರಿ ದಿವಾಳಿಯಾಗಿದ್ದ ಯುಎಸ್ ಏರ್‌ವೇಸ್ ಅಮೆರಿಕ ವೆಸ್ಟ್ ಜೊತೆ ವಿಲೀನವಾದಾಗ ಜಗಳ ಹತ್ತಿದ್ದೇ ಇಲ್ಲಿ. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ನೀಡಿದ ತೀರ್ಪು ಯುಎಸ್ ಏರ್‌ವೇಸ್‌ನ ಸುಮಾರು 500 ಹಿರಿಯರನ್ನು ಪಟ್ಟಿಯ ತಲೆಯಲ್ಲಿಟ್ಟು ಉಳಿದವರನ್ನು ಪಾಲಿನ ಲೆಕ್ಕದಲ್ಲಿ ಹೆಣೆಯಿತು. ಒಂದೂವರೆ ದಶಕ ದುಡಿದ ಯುಎಸ್ ಏರ್‌ವೇಸ್ ಪೈಲಟ್ ಕೆಲವೇ ತಿಂಗಳ ಹಿಂದೆ ಅಮೆರಿಕ ವೆಸ್ಟ್ ಸೇರಿದವನ ಪಕ್ಕದಲ್ಲಿ ನಿಲ್ಲಬೇಕಾಯಿತು. ಅನ್ಯಾಯವೆಂದು ಯುಎಸ್ ಏರ್‌ವೇಸ್‌ನವರು ಕೂಗಿದರು. ದಿವಾಳಿಯ ಅಂಚಿನ ಸಂಸ್ಥೆಯಲ್ಲಿ ಆ ವರ್ಷಗಳಿಗೆ ಬೆಲೆಯೇನಿತ್ತು ಎಂದು ಅಮೆರಿಕ ವೆಸ್ಟ್‌ನವರು ಕೇಳಿದರು. ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್ ಪೈಲಟ್‌ಗಳು 2008ರಲ್ಲಿ ತಮ್ಮ ಹಳೆಯ ಸಂಘವನ್ನೇ ಕಿತ್ತೊಗೆದು ಹೊಸದೊಂದನ್ನು ಕಟ್ಟಿಕೊಂಡರು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ನನಗಂತೂ ಇಬ್ಬರ ವಾದದಲ್ಲೂ ಹುರುಳಿದೆ ಅನ್ನಿಸುತ್ತದೆ.

ನಮ್ಮ ದೇಶದಲ್ಲೂ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದ ಐದು ವರ್ಷಗಳ ಬಳಿಕ, ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ತಕರಾರಿನಿಂದ ಏರ್ ಇಂಡಿಯಾದ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದ್ದರು.

ಪ್ರತಿಕ್ರಿಯೆ: ನಿವೃತ್ತ ಲೆಕ್ಕಿಗ

ಮೂವರಿಗೂ ಕೃತಜ್ಞತೆಗಳು. ಸೌತ್‌ವೆಸ್ಟ್ ಮುಂದೆ ಏರ್‌ಟ್ರಾನ್ ಸಂಸ್ಥೆಯನ್ನು ಕೊಂಡಿತಲ್ಲ, ಅಲ್ಲಿ ಈ ತೊಡಕು ಬರಲಿಲ್ಲವೇ?

ಉತ್ತರ: ಕಾಯಿದೆಪುಸ್ತಕ

ಬಂದಿತು ಸರ್. ಖರೀದಿ 2011ರ ಮೇ ತಿಂಗಳಲ್ಲಿ ಮುಗಿಯಿತು, ಆದರೆ ಆ ಬೇಸಿಗೆಯಲ್ಲಿ ಸಿದ್ಧವಾದ ಮೊದಲ ಒಪ್ಪಂದವನ್ನು ಏರ್‌ಟ್ರಾನ್ ಪೈಲಟ್ ಸಂಘದ ಮುಖಂಡರು ಸದಸ್ಯರ ಮತಕ್ಕೇ ಹಾಕಲಿಲ್ಲ. ಏರ್‌ಟ್ರಾನ್ ಅನ್ನು ಒಳಗೆ ಸೇರಿಸಿಕೊಳ್ಳದೆಯೂ ಇರಬಹುದೆಂಬ ಸೂಚನೆ ಸೌತ್‌ವೆಸ್ಟ್ ಕಡೆಯಿಂದ ಬಂದ ಮೇಲೆ ಎರಡನೆಯ ಒಪ್ಪಂದ ಸಿದ್ಧವಾಯಿತು. ಏರ್‌ಟ್ರಾನ್‌ನವರಿಗೆ ಅದು ಮೊದಲನೆಯದಕ್ಕಿಂತ ಕಡಿಮೆಯದು. ನವೆಂಬರ್‌ನಲ್ಲಿ ಅದಕ್ಕೇ ಮತ ಹಾಕಿ ಒಪ್ಪಿಕೊಂಡರು.